ನರ್ಸಿಂಗ್ ಓದಿಸುವ ಮುನ್ನ

(ಸಂಘದ ಬೆಳ್ಳಿಹಬ್ಬದ ಎರಡನೆಯ ದಿನ ನಡೆದ ಮಹಿಳಾ ಗೋಷ್ಠಿಯಲ್ಲಿ ನಿವೃತ್ತ ಶುಶ್ರೂಷಾ ಅಧೀಕ್ಷಕಿಯೊಬ್ಬರು ಮಾಡಿದ ಭಾಷಣ. ಸ್ಮರಣ ಸಂಚಿಕೆಗಾಗಿ ಅವರೇ ಬರೆದುಕೊಟ್ಟದ್ದು.)



ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಹೊತ್ತಿನಲ್ಲಿ ನನ್ನನ್ನೂ ಕರೆದು ನಾಲ್ಕು ಮಾತು ಆಡಿ ಅಂದಿದ್ದೀರಿ. ಬಹಳ ಸಂತೋಷ. ನಾನು ಈ ಊರಿನ ಸೊಸೆ. ನಮ್ಮತ್ತೆ ಈ ಸಂಘದ ಮೊದಲ ಸದಸ್ಯರಲ್ಲಿ ಒಬ್ಬರು. ಮೊದಲ ದಿನ ಒಂದೂವರೆ ಲೀಟರ್ ಹಾಲು ಹಾಕಿ ಬಂದು ಆ ಚೀಟಿಯನ್ನು ದೇವರ ಗೂಡಿನಲ್ಲಿ ಇಟ್ಟಿದ್ದರು. ಹಾಲಿನ ಬಟವಾಡೆ ದುಡ್ಡಿನಲ್ಲಿ ಈ ಊರಿನಲ್ಲಿ ಎಷ್ಟು ಮಕ್ಕಳು ಓದಿದ್ದಾರೆ ಅನ್ನುವುದು ನಿಮಗೇ ಗೊತ್ತು, ನಾನು ಹೇಳಬೇಕಾಗಿಲ್ಲ.

ಕಾರ್ಯದರ್ಶಿಗಳು ನನಗೆ ಕೊಟ್ಟಿದ್ದ ವಿಷಯ ‘ಮಹಿಳೆ ಮತ್ತು ಆರೋಗ್ಯ’. ರಕ್ತಹೀನತೆ, ಊಟ, ಶುಚಿತ್ವ ಇವುಗಳ ಬಗ್ಗೆ ಬೆಳಿಗ್ಗೆ ಡಾಕ್ಟರಮ್ಮನವರು ಚೆನ್ನಾಗಿ ಹೇಳಿದ್ದಾರೆ. ನಾನೂ ಅದನ್ನೇ ಹೇಳಿದರೆ ಸಾರಿಗೆ ಎರಡು ಸಲ ಉಪ್ಪು ಹಾಕಿದ ಹಾಗೆ ಆಗುತ್ತೆ. ಅದಕ್ಕೆ ಅವರ ಅಪ್ಪಣೆ ಪಡೆದು ಬೇರೆ ಒಂದು ಮಾತು ಆಡುತ್ತೇನೆ. ನಿವೃತ್ತಳಾಗಿ ಊರಿಗೆ ಬಂದ ಮೇಲೆ ನಮ್ಮ ಮನೆ ಜಗಲಿಗೆ ಬರುವವರು ಕೇಳುವ ಪ್ರಶ್ನೆ ಒಂದೇ: “ಅಕ್ಕಾ, ಮಗಳನ್ನ ನರ್ಸಿಂಗ್‌ಗೆ ಹಾಕೋಣ ಅಂತಿದ್ದೀವಿ, ಯಾವ ಕಾಲೇಜು ಒಳ್ಳೇದು?” ಕೇಳುವುದು ಯಾವಾಗ? ಪಿ.ಯು.ಸಿ. ಫಲಿತಾಂಶ ಬಂದ ಮೇಲೆ. ಅಷ್ಟು ಹೊತ್ತಿಗೆ ಜೇಬಿನಲ್ಲಿ ಯಾರೋ ಏಜೆಂಟನ ಕಾರ್ಡು ಇರುತ್ತೆ, ಕೆಲವರು ಮುಂಗಡವನ್ನೂ ಕೊಟ್ಟಿರುತ್ತಾರೆ. ಕಾಲೇಜಿನ ಮಾತು ಆಮೇಲಿನದು. ಎರಡು ವರ್ಷ ಮೊದಲು, ಎಸ್.ಎಸ್.ಎಲ್.ಸಿ. ಮುಗಿದ ಬೇಸಿಗೆಯಲ್ಲೇ ಆಡಬೇಕಾದ ಮಾತು ಇನ್ನೊಂದಿದೆ. ಹಿಂದೆ ಕೂತ ಮಕ್ಕಳು ಸ್ವಲ್ಪ ಗಮನ ಕೊಡಿ, ಇದು ನಿಮಗೇ.

ಮೊದಲು ಒಂದು ಕಹಿ ವಿಷಯ. ನಮ್ಮ ಹೋಬಳಿಯಲ್ಲೇ ಒಬ್ಬ ಹುಡುಗಿ ಇದ್ದಾಳೆ. ಹೆಸರು ಬೇಡ, ಕೆಲವರಿಗೆ ಗೊತ್ತಿರಬಹುದು. ಎಸ್.ಎಸ್.ಎಲ್.ಸಿ.ಯಲ್ಲಿ ಚೆನ್ನಾಗಿ ಪಾಸಾದವಳು. ಅಪ್ಪ ಒಂದು ಕರಾವಿನ ಹಸು ಮಾರಿ, ಪಟ್ಟಣದಲ್ಲಿ ಅಂಗಡಿ ಮೇಲಿನ ಮಹಡಿಯಲ್ಲಿ ನಡೀತಿದ್ದ ಒಂದು ಸಂಸ್ಥೆಗೆ ‘ಒಂದು ವರ್ಷದ ನರ್ಸಿಂಗ್ ಕೋರ್ಸಿಗೆ’ ಸೇರಿಸಿದ. ವರ್ಷ ಮುಗೀತು, ಬಣ್ಣದ ಸರ್ಟಿಫಿಕೇಟು ಕೊಟ್ಟರು, ಅದಕ್ಕೆ ಲ್ಯಾಮಿನೇಷನ್ನೂ ಆಯಿತು. ಒಂದು ಖಾಸಗಿ ನರ್ಸಿಂಗ್ ಹೋಮಿನಲ್ಲಿ ಕೆಲಸವೂ ಸಿಕ್ಕಿತು. ಬಿಳಿ ಬಟ್ಟೆ ಹಾಕ್ತಾಳೆ, ಡ್ರಿಪ್ ಹಾಕ್ತಾಳೆ, ರೋಗಿಗಳು ಸಿಸ್ಟರ್ ಅಂತಾರೆ. ಆರು ವರ್ಷ ಆದ ಮೇಲೆ ಸರ್ಕಾರಿ ಹುದ್ದೆಗೆ ಅರ್ಜಿ ಕರೆದಾಗ ಓಡೋಡಿ ಬಂದಳು. ಅರ್ಜಿಯಲ್ಲಿ ‘ನರ್ಸಿಂಗ್ ಕೌನ್ಸಿಲ್ ನೋಂದಣಿ ಸಂಖ್ಯೆ’ ಅಂತ ಒಂದು ಜಾಗ ಇರುತ್ತೆ. ಆ ಜಾಗದಲ್ಲಿ ಬರೆಯೋದಕ್ಕೆ ಅವಳ ಹತ್ತಿರ ಏನೂ ಇರಲಿಲ್ಲ. ಹುಡುಗಿ ಜಾಣೆ, ಕೈಗುಣ ಇದೆ, ಕೆಲಸ ಬರುತ್ತೆ. ಆದರೆ ಕಾನೂನಿನ ಕಣ್ಣಲ್ಲಿ ಅವಳು ನರ್ಸ್ ಅಲ್ಲ. ಸಂಬಳವೂ ಅದಕ್ಕೆ ತಕ್ಕಂತೆ ಆಯಾ ಸಂಬಳ.

ಆದ್ದರಿಂದ ಮೊದಲನೇ ಮಾತು: ನರ್ಸ್ ಆಗುವುದು ಅಂದರೆ ನೋಂದಣಿ ಆಗುವುದು. ಬೆಂಗಳೂರಿನಲ್ಲಿ ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್ ಇದೆ. ಓದು ಮುಗಿದ ಮೇಲೆ ಅಲ್ಲಿ ಹೆಸರು ಹತ್ತಬೇಕು, ನಂಬರು ಬರಬೇಕು. ಆ ನಂಬರಿಗೆ ದಾರಿ ಆಗದ ಯಾವ ಕೋರ್ಸೂ, ಆರು ತಿಂಗಳಿನದಾಗಲಿ ಒಂದು ವರ್ಷದ್ದಾಗಲಿ, ನರ್ಸಿಂಗ್ ಓದಲ್ಲ. ರೋಗಿಗಳ ಸಹಾಯಕಿ ಕೆಲಸಕ್ಕೆ ಅಂತ ತಿಳಿದೇ ಕಲಿಯುವುದಾದರೆ ಕಲಿಯಲಿ, ಅದೂ ಗೌರವದ ದುಡಿಮೆಯೇ. ನರ್ಸ್ ಆಗ್ತೀನಿ ಅಂದುಕೊಂಡು ಸೇರಬಾರದು, ಅಷ್ಟೆ. 2023ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ನರ್ಸಿಂಗ್ ಮತ್ತು ಸೂಲಗಿತ್ತಿ ಆಯೋಗದ ಕಾಯಿದೆ ಮಾಡಿದೆ. 1947ರ ಹಳೇ ಕೌನ್ಸಿಲ್ ಕಾಯಿದೆಯ ಜಾಗಕ್ಕೆ ಬರಲೆಂದು ಮಾಡಿದ್ದು. ಕಚೇರಿಯ ಹೆಸರು ನಾಳೆ ಏನೇ ಆಗಲಿ, ನೋಂದಣಿ ಅನ್ನುವುದು ತಪ್ಪುವುದಿಲ್ಲ.

ಈಗ ದಾರಿಗಳ ವಿಷಯ. ನಮ್ಮ ಹಿರಿಯರ ತಲೆಯಲ್ಲಿ ಇನ್ನೂ ಹಳೇ ಲೆಕ್ಕ ಕೂತಿದೆ: ಎಸ್.ಎಸ್.ಎಲ್.ಸಿ. ಆದರೆ ಸಾಕು, ಒಂದೂವರೆ ವರ್ಷ ಟ್ರೈನಿಂಗು, ಆಮೇಲೆ ಸರ್ಕಾರಿ ಕೆಲಸ. ಒಂದು ಕಾಲದಲ್ಲಿ ಎ.ಎನ್.ಎಂ. ತರಬೇತಿ ಹಾಗೇ ಇತ್ತು. ಈಗ ಎಸ್.ಎಸ್.ಎಲ್.ಸಿ. ಮೇಲೆ ನೇರವಾಗಿ ಯಾವ ಬಾಗಿಲೂ ಇಲ್ಲ. ಮೂರಕ್ಕೂ ಪಿ.ಯು.ಸಿ. ಬೇಕು.

ಎ.ಎನ್.ಎಂ. ಅಂದರೆ ಮನೆಮನೆಗೆ ಬಂದು ಬಸುರಿಯರ ತಾಯಿ ಕಾರ್ಡು ಬರೆಯುವ, ಮಕ್ಕಳಿಗೆ ಚುಚ್ಚುಮದ್ದು ಹಾಕುವ ನಮ್ಮ ಆರೋಗ್ಯ ಸಹಾಯಕಿಯರ ಓದು. ಎರಡು ವರ್ಷ, ಹೆಣ್ಣುಮಕ್ಕಳಿಗೆ ಮಾತ್ರ. ಪಿ.ಯು.ಸಿ.ಯಲ್ಲಿ ಕಲಾ ವಿಭಾಗವಾದರೂ ನಡೆಯುತ್ತೆ. ಹದಿನೇಳು ತುಂಬಿರಬೇಕು, ಮೂವತ್ತೈದು ದಾಟಿರಬಾರದು. ಈ ಮೂವತ್ತೈದು ಅನ್ನುವುದನ್ನು ಸೊಸೆಯಂದಿರು ಕೇಳಿಸಿಕೊಳ್ಳಿ. ಮದುವೆಯಾಗಿ ಮಗು ಶಾಲೆಗೆ ಹೋಗುವಂತಾದ ಮೇಲೂ ಈ ಬಾಗಿಲು ತೆರೆದಿರುತ್ತೆ. ಮುಂದೆ ಅವರಿಗೆ ಸಿಗುವ ಕೆಲಸ ಉಪಕೇಂದ್ರದ್ದು. ಬಯಲುಸೀಮೆಯಲ್ಲಿ ಐದು ಸಾವಿರ ಜನಸಂಖ್ಯೆಗೆ ಒಂದು, ಮಲೆನಾಡಿನಲ್ಲಿ ಮೂರು ಸಾವಿರಕ್ಕೆ ಒಂದು ಉಪಕೇಂದ್ರ ಅನ್ನುವುದು ಲೆಕ್ಕ.

ಎರಡನೆಯದು ಜಿ.ಎನ್.ಎಂ., ಸಾಮಾನ್ಯ ಶುಶ್ರೂಷೆ ಮತ್ತು ಹೆರಿಗೆ ಶಾಸ್ತ್ರದ ಡಿಪ್ಲೊಮಾ. ನಾನು ಓದಿದ್ದು ಇದನ್ನೇ. ಈಗ ಮೂರು ವರ್ಷ, ಅದರೊಳಗೇ ಆಸ್ಪತ್ರೆಯ ಇಂಟರ್ನ್‌ಶಿಪ್ಪೂ ಸೇರಿದೆ. ಪಿ.ಯು.ಸಿ.ಯಲ್ಲಿ ಇಂಗ್ಲಿಷ್ ಇದ್ದು ಶೇಕಡಾ 40 ಅಂಕ ಬಂದಿರಬೇಕು. ವಿಜ್ಞಾನ ಓದಿದವರಿಗೆ ಆದ್ಯತೆ, ಆದರೆ ಕಲಾ, ವಾಣಿಜ್ಯದವರಿಗೂ ಅವಕಾಶ ಉಂಟು. ಇದಕ್ಕೆ ಗಂಡುಮಕ್ಕಳೂ ಸೇರಬಹುದು. ನಡುವೆ ಜಿ.ಎನ್.ಎಂ. ನಿಲ್ಲಿಸಿಬಿಡ್ತಾರೆ ಅಂತ ದೊಡ್ಡ ಸುದ್ದಿ ಎದ್ದಿತ್ತು, ಆದರೆ ನಿಲ್ಲಲಿಲ್ಲ.

ಮೂರನೆಯದು ಬಿ.ಎಸ್ಸಿ. ನರ್ಸಿಂಗ್. ನಾಲ್ಕು ವರ್ಷದ ಪದವಿ. ಇದಕ್ಕೆ ಮಾತ್ರ ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಇರಲೇಬೇಕು, ಜೊತೆಗೆ ಇಂಗ್ಲಿಷ್. ಅಂಕ ಶೇಕಡಾ 45. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ 40. 2023ರಿಂದ ನಮ್ಮ ರಾಜ್ಯದಲ್ಲಿ ಇದರ ಸರ್ಕಾರಿ ಸೀಟುಗಳಿಗೂ ಸಿ.ಇ.ಟಿ. ಬರೆಯಬೇಕು, ಎಂಜಿನಿಯರಿಂಗಿಗೆ ಬರೆದ ಹಾಗೆ. ಡಿಗ್ರಿ ಕೊಡುವುದು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ. ಕೆಲವು ಸ್ವಂತ ವಿಶ್ವವಿದ್ಯಾಲಯದ ಸ್ಥಾನ ಇರುವ ಸಂಸ್ಥೆಗಳು ತಾವೇ ಕೊಡುತ್ತವೆ.

ಈಗ ತಿಳೀತಲ್ಲ, ಎಸ್.ಎಸ್.ಎಲ್.ಸಿ. ಬೇಸಿಗೆಯ ಮಾತು ಅಂತ ನಾನು ಯಾಕೆ ಅಂದೆ ಅಂತ? ಜೂನ್ ತಿಂಗಳಲ್ಲಿ ಮಗಳು ಪಿ.ಯು. ಕಾಲೇಜಿನ ಅರ್ಜಿ ತುಂಬುವಾಗ ‘ವಿಜ್ಞಾನ ಕಷ್ಟ, ಬಸ್ಸಿನಲ್ಲಿ ದೂರ ಹೋಗಬೇಕು, ಆರ್ಟ್ಸ್ ತಗೊಂಡರೆ ಹತ್ತಿರದಲ್ಲೇ ಆಗುತ್ತೆ’ ಅಂತ ಮನೆಯಲ್ಲಿ ತೀರ್ಮಾನ ಆಗುತ್ತಲ್ಲ, ಆ ದಿನವೇ ಮೂರನೇ ಬಾಗಿಲು ಮುಚ್ಚಿತು. ಎರಡು ವರ್ಷ ಬಿಟ್ಟು ಎಷ್ಟು ತಟ್ಟಿದರೂ ಅದು ತೆಗೆಯುವುದಿಲ್ಲ. ಇನ್ನೊಂದು ವಿಚಿತ್ರ ಹೇಳ್ತೀನಿ: ಮಗಳು ವಿಜ್ಞಾನ ಓದಲಿ ಅಂತ ಕಳಿಸಿ, ಸಿ.ಇ.ಟಿ. ಅರ್ಜಿ ಹಾಕುವುದನ್ನೇ ಬಿಟ್ಟವರೂ ಇದ್ದಾರೆ. ಅದೆಲ್ಲ ಎಂಜಿನಿಯರ್ ಆಗುವವರಿಗೆ ಅಂದುಕೊಂಡರಂತೆ!

ಹಾಗಂತ ಕಲಾ ವಿಭಾಗ ಓದಿದ ಮಕ್ಕಳು ಹಣೆ ಚಚ್ಚಿಕೊಳ್ಳಬೇಕಿಲ್ಲ. ಏಣಿ ಇದೆ. ಎ.ಎನ್.ಎಂ. ಆಗಿ ನೋಂದಣಿ ಆದವರು ಜಿ.ಎನ್.ಎಂ.ಗೆ ಹೋಗಬಹುದು. ಜಿ.ಎನ್.ಎಂ. ಆದವರು ಎರಡು ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಮಾಡಬಹುದು. ಆಮೇಲೆ ಎಂ.ಎಸ್ಸಿ. ಎರಡು ವರ್ಷ. ನಮ್ಮ ಹಾಲಿನ ಲೆಕ್ಕದ ಹಾಗೆ ಇದನ್ನೂ ಕೂಡಿ ನೋಡಿ. ನೇರ ಬಿ.ಎಸ್ಸಿ. ಆದರೆ ನಾಲ್ಕು ವರ್ಷ. ಜಿ.ಎನ್.ಎಂ. ಮೂರು, ಮೇಲೆ ಎರಡು, ಒಟ್ಟು ಐದು. ಎ.ಎನ್.ಎಂ.ನಿಂದ ಹತ್ತಿದರೆ ಎರಡು, ಮೂರು, ಎರಡು, ಒಟ್ಟು ಏಳು. ಅಂದರೆ ಜಿ.ಎನ್.ಎಂ. ದಾರಿ ಹಿಡಿದವಳಿಗೆ ತಡ ಆಗುವುದು ಒಂದೇ ವರ್ಷ, ಅದೂ ಮಧ್ಯೆ ಕೆಲಸ ಮಾಡಿ ನಾಲ್ಕು ಕಾಸು ಸಂಪಾದಿಸಿಕೊಂಡೇ ಹೋಗಬಹುದು. ಮನೆಯಲ್ಲಿ ತುರ್ತು ಇದ್ದರೆ ನಾನೂ ಜಿ.ಎನ್.ಎಂ. ಅಂತಲೇ ಹೇಳ್ತೀನಿ. ಅಂಕ ಚೆನ್ನಾಗಿದ್ದು, ಎರಡು ವರ್ಷ ಬಸ್ಸಿನ ಓಡಾಟ ತಡೆಯುವ ಶಕ್ತಿ ಮನೆಗೆ ಇದ್ದರೆ, ವಿಜ್ಞಾನ ಬಿಡಿಸಬೇಡಿ.

ಇಷ್ಟೆಲ್ಲ ವರ್ಷ ಅವರು ಏನು ಕಲೀತಾರೆ, ಸೂಜಿ ಚುಚ್ಚೋದಕ್ಕೆ ನಾಲ್ಕು ವರ್ಷ ಬೇಕಾ ಅಂತ ಒಬ್ಬ ಯಜಮಾನರು ನನ್ನನ್ನು ಕೇಳಿದ್ದರು. ಇಲ್ಲೇ ಇದ್ದಾರೆ, ನಗ್ತಿದ್ದಾರೆ. ಹೆರಿಗೆಯ ಒಂದೇ ಉದಾಹರಣೆ ಹೇಳ್ತೀನಿ. ಮಗು ಹುಟ್ಟಿದ ಮೇಲೆ ಒಂದು ನಿಮಿಷದೊಳಗೆ ತಾಯಿಯ ತೊಡೆಗೆ ಹತ್ತು ಯೂನಿಟ್ ಆಕ್ಸಿಟೋಸಿನ್ ಇಂಜೆಕ್ಷನ್ ಹೋಗಬೇಕು. ಅದರಿಂದ ಗರ್ಭಕೋಶ ಬಿಗಿಯಾಗುತ್ತೆ, ಮಾಸು ಸರಿಯಾಗಿ ಬೀಳುತ್ತೆ, ರಕ್ತ ನಿಲ್ಲುತ್ತೆ. ಹೆರಿಗೆಯಾದ ಮೇಲೆ ಅರ್ಧ ಲೀಟರಿಗಿಂತ ಹೆಚ್ಚು ರಕ್ತ ಹೋದರೆ ಅಪಾಯ ಅಂತ ನಮಗೆ ಕಲಿಸ್ತಾರೆ. ಅರ್ಧ ಲೀಟರ್ ಅಂದರೆ ಎಷ್ಟು ಅಂತ ಈ ಸಂಘದವರಿಗೆ ಹೇಳಿಕೊಡಬೇಕಾ? ದಿನಾ ಅಳೆಯುವ ಕೈ ನಿಮ್ಮದು. ಆದರೆ ಬಟ್ಟೆಗೆ, ಚಾಪೆಗೆ ಇಂಗಿದ ರಕ್ತವನ್ನು ಕಣ್ಣಳತೆಯಲ್ಲಿ ಅಳೆಯುವುದು ಬಹಳ ಕಷ್ಟ. ಇದ್ದದ್ದಕ್ಕಿಂತ ಕಡಿಮೆ ಅಂತಲೇ ಕಾಣುತ್ತೆ. ಅದನ್ನು ಕಲಿಯಬೇಕು. ನೋವು ಶುರುವಾದ ಮೇಲೆ ಅರ್ಧರ್ಧ ಗಂಟೆಗೆ ಮಗುವಿನ ಎದೆಬಡಿತ ಎಣಿಸಿ ಒಂದು ನಕ್ಷೆಯಲ್ಲಿ ಗುರುತು ಹಾಕ್ತಾ ಹೋಗಬೇಕು. ಬಾಯಿ ಬಿಚ್ಚುವುದು ನಿಧಾನವಾದರೆ ಆ ಗುರುತು ಗೆರೆ ದಾಟುತ್ತೆ, ಆಗಲೇ 108ಕ್ಕೆ ಫೋನು ಹೋಗಬೇಕು. ಬಿ.ಪಿ. ಏರಿ ಬಸುರಿಗೆ ಫಿಟ್ಸ್ ಬಂದರೆ ಮೆಗ್ನೀಸಿಯಂ ಸಲ್ಫೇಟ್ ಎಷ್ಟು, ಎಲ್ಲಿಗೆ ಅನ್ನುವುದು ನಿದ್ದೆಗಣ್ಣಲ್ಲೂ ನೆನಪಿರಬೇಕು. ರಾತ್ರಿ ಎರಡು ಗಂಟೆಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಡಾಕ್ಟರು ಬರುವ ತನಕ ಆ ಜೀವಗಳ ಹೊಣೆ ಒಬ್ಬ ನರ್ಸಮ್ಮನ ಮೇಲೆ. ಸೂಜಿ ಚುಚ್ಚುವುದು ಹತ್ತು ದಿನದಲ್ಲಿ ಬರುತ್ತೆ ಯಜಮಾನರೇ. ಯಾವಾಗ ಹೆದರಬೇಕು ಅನ್ನುವುದು ಬರೋದಕ್ಕೆ ವರ್ಷಗಳು ಬೇಕು.

ಸೂಲಗಿತ್ತಿಯರನ್ನು ಮರೆತು ಈ ಮಾತು ಆಡಿದರೆ ಪಾಪ ಬರುತ್ತೆ. ನಮ್ಮ ಜಿಲ್ಲೆಯವರೇ ಆದ ಪಾವಗಡ ತಾಲ್ಲೂಕು ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು ಅಂತ ಹೆಸರಾದವರು, ದುಡ್ಡು ಕೇಳದೆ. 2014ರಲ್ಲಿ ತುಮಕೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು, 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ಡಿಸೆಂಬರಿನಲ್ಲಿ ತೊಂಬತ್ತೆಂಟರ ವಯಸ್ಸಿನಲ್ಲಿ ತೀರಿಕೊಂಡರು. ಸೂಲು ಅನ್ನುವ ಮಾತನ್ನು ನಾವು ಈಗ ದನಕ್ಕೆ ಮಾತ್ರ ಆಡ್ತೀವಿ. ಹೆಂಗಸರ ಪಾಲಿಗೆ ಅದು ಉಳಿದಿರುವುದು ಈ ‘ಸೂಲಗಿತ್ತಿ’ ಅನ್ನುವ ಒಂದು ಪದದಲ್ಲಿ. ಅವರ ಕೈಗುಣ, ತಾಳ್ಮೆ, ಬಸುರಿಯ ಬೆನ್ನು ನೀವುತ್ತಾ ಧೈರ್ಯ ಹೇಳುವ ರೀತಿ, ಇವು ನಮ್ಮ ಎಷ್ಟೋ ಲೇಬರ್ ವಾರ್ಡುಗಳಲ್ಲಿ ಇಲ್ಲ. ನಾನು ಅಲ್ಲಿಯೇ ಕೆಲಸ ಮಾಡಿದವಳು, ಅದಕ್ಕೇ ಹೇಳ್ತಿದ್ದೀನಿ. ಆದರೆ ರಕ್ತ ನಿಲ್ಲದೆ ಹೋದಾಗ ಕೈಗುಣ ಒಂದೇ ಸಾಲದು. 2001-03ರ ಲೆಕ್ಕದಲ್ಲಿ ಕರ್ನಾಟಕದಲ್ಲಿ ಒಂದು ಲಕ್ಷ ಹೆರಿಗೆಗೆ 228 ತಾಯಂದಿರು ಸಾಯುತ್ತಿದ್ದರು. 2018-20ರ ಲೆಕ್ಕದಲ್ಲಿ ಅದು 69ಕ್ಕೆ ಇಳಿದಿತ್ತು. 2005-06ರ ಸಮೀಕ್ಷೆಯಲ್ಲಿ ನೂರಕ್ಕೆ ಸುಮಾರು 65 ಹೆರಿಗೆ ಆಸ್ಪತ್ರೆಯಲ್ಲಿ ಆಗುತ್ತಿದ್ದರೆ, 2019-20ರಲ್ಲಿ 97. ಹೆರಿಗೆ ಆಸ್ಪತ್ರೆಗೆ ಬಂತು. ಆ ಆಸ್ಪತ್ರೆಯಲ್ಲಿ ಸೂಲಗಿತ್ತಿಯ ಜಾಗದಲ್ಲಿ ನಿಲ್ಲುವವಳು ಯಾರು? ನಮ್ಮ ಭಾಷೆ ಬಲ್ಲ, ನಮ್ಮ ಬಸುರಿಯ ಸಂಕೋಚ ತಿಳಿದ ನಮ್ಮೂರಿನ ಹುಡುಗಿಯೇ ಆದರೆ ಎಷ್ಟು ಚೆನ್ನ!

ಸರ್ಕಾರಕ್ಕೂ ಇದು ತಡವಾಗಿ ಹೊಳೆದಿದೆ. 2018ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಸೂಲಗಿತ್ತಿ ಸೇವೆಯ ಮಾರ್ಗಸೂಚಿ ಹೊರಡಿಸಿತು. ನೋಂದಾಯಿತ ನರ್ಸ್‌ಗಳಿಗೆ ಮೇಲೆ ಹದಿನೆಂಟು ತಿಂಗಳ ವಿಶೇಷ ತರಬೇತಿ, ಆಮೇಲೆ ಸಹಜ ಹೆರಿಗೆಗಳನ್ನು ಅವರೇ ನೋಡಿಕೊಳ್ಳುವ ಘಟಕಗಳು ಅನ್ನುವುದು ಅದರ ಯೋಜನೆ. ಹೆರಿಗೆ ಕೆಲಸದಲ್ಲೇ ಆಸಕ್ತಿ ಇರುವ ಮಕ್ಕಳು ಇದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಲಿ.

ಇನ್ನು ಕಾಲೇಜು ಆರಿಸುವ ವಿಷಯ. ನಮ್ಮ ರಾಜ್ಯದಲ್ಲಿ ನರ್ಸಿಂಗ್ ಕಾಲೇಜುಗಳಿಗೆ ಬರ ಇಲ್ಲ, ದೇಶದಲ್ಲೇ ಅತಿ ಹೆಚ್ಚು ಇಲ್ಲಿವೆ. ಒಳ್ಳೆಯವು ಬಹಳ ಇವೆ. ಬೋರ್ಡು ಮಾತ್ರ ದೊಡ್ಡದಾಗಿರುವವೂ ಇವೆ. ನೀವು ಸಂತೆಯಲ್ಲಿ ಹಸು ಕೊಳ್ಳುವಾಗ ಹೇಗೆ ಮಾಡ್ತೀರಿ? ಹಲ್ಲು ಎಣಿಸ್ತೀರಿ, ಕೆಚ್ಚಲು ಮುಟ್ಟಿ ನೋಡ್ತೀರಿ, ಎಷ್ಟನೇ ಸೂಲು ಅಂತ ಕೇಳ್ತೀರಿ, ಒಂದು ಹೊತ್ತು ಹಾಲು ಕರೆದು ನೋಡದೆ ದುಡ್ಡು ಬಿಚ್ಚೋದಿಲ್ಲ. ದಲ್ಲಾಳಿ ಮಾತು ಕೇಳಿ ಹಗ್ಗ ಹಿಡಿದವರುಂಟಾ? ಮಗಳನ್ನು ಸೇರಿಸುವಾಗ ಮಾತ್ರ ಏಜೆಂಟ್ ತೋರಿಸಿದ ಬಣ್ಣದ ಪುಸ್ತಕ ನೋಡಿ ಲಕ್ಷ ರೂಪಾಯಿ ಕೊಡ್ತೀರಿ. ಕಾಲೇಜಿಗೆ ಖುದ್ದಾಗಿ ಹೋಗಿ. ಹೆಂಡತಿಯನ್ನೂ ಕರೆದುಕೊಂಡು ಹೋಗಿ, ಹಾಸ್ಟೆಲಿನ ಬಚ್ಚಲು ನೋಡುವ ಕಣ್ಣು ಅವರಿಗೇ ಇರುವುದು. ಬಿ.ಎಸ್ಸಿ. ಆದರೆ ವಿಶ್ವವಿದ್ಯಾಲಯದ ಸಂಯೋಜನೆ ಈ ವರ್ಷಕ್ಕೆ ಇದೆಯಾ, ಜಿ.ಎನ್.ಎಂ. ಆದರೆ ರಾಜ್ಯದ ಡಿಪ್ಲೊಮಾ ನರ್ಸಿಂಗ್ ಪರೀಕ್ಷಾ ಮಂಡಳಿಯ ಪಟ್ಟಿಯಲ್ಲಿ ಹೆಸರಿದೆಯಾ, ನರ್ಸಿಂಗ್ ಕೌನ್ಸಿಲ್ ಮಾನ್ಯತೆ ಇದೆಯಾ ಅಂತ ನೋಡಿಕೊಳ್ಳಿ. ಮೊಬೈಲಿನಲ್ಲೇ ಸಿಗುತ್ತೆ, ಮಕ್ಕಳಿಗೆ ಹೇಳಿದರೆ ತೆಗೆದುಕೊಡ್ತಾರೆ.

ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆಯನ್ನು ಯಾರೂ ಕೇಳೋದಿಲ್ಲ: “ಮಕ್ಕಳು ಪ್ರಾಯೋಗಿಕ ತರಬೇತಿಗೆ ಯಾವ ಆಸ್ಪತ್ರೆಗೆ ಹೋಗ್ತಾರೆ? ಅಲ್ಲಿ ಎಷ್ಟು ಹಾಸಿಗೆ? ತಿಂಗಳಿಗೆ ಎಷ್ಟು ಹೆರಿಗೆ?” ಸ್ವಂತ ಆಸ್ಪತ್ರೆ ಇದ್ದರೆ ಒಳಗೆ ಹೋಗಿ ಒಂದು ಸುತ್ತು ಬನ್ನಿ. ಹಾಸಿಗೆಗಳಲ್ಲಿ ರೋಗಿಗಳು ಇದ್ದಾರಾ, ಬರೀ ಹಾಸಿಗೆ ಇವೆಯಾ ನೋಡಿ. ಈಜು ಕಲಿಸ್ತೀವಿ ಅಂದವರ ಬಾವಿಯಲ್ಲಿ ನೀರು ಇರಬೇಕಲ್ಲ. ಹಳೇ ವಿದ್ಯಾರ್ಥಿನಿ ಒಬ್ಬಳನ್ನು ಪಕ್ಕಕ್ಕೆ ಕರೆದು, ಹೆರಿಗೆ ಎಷ್ಟು ಮಾಡಿಸಿದೆಯಮ್ಮಾ ಅಂತ ಕೇಳಿದರೆ ಇನ್ನೇನೂ ಕೇಳಬೇಕಾಗಿಲ್ಲ.

ಶುಲ್ಕ ಒಟ್ಟು ವರ್ಷಗಳಿಗೆ ಎಷ್ಟು, ಹಾಸ್ಟೆಲ್ ಎಷ್ಟು, ಪರೀಕ್ಷೆ ಶುಲ್ಕ, ಯೂನಿಫಾರಂ, ಬಸ್ಸು, ಎಲ್ಲ ಬರಹದಲ್ಲಿ ಕೇಳಿ. ಕೊಟ್ಟ ಪ್ರತಿ ರೂಪಾಯಿಗೂ ರಸೀದಿ ತಗೊಳ್ಳಿ. ಡೇರಿಯಲ್ಲಿ ಐವತ್ತು ಪೈಸೆ ವ್ಯತ್ಯಾಸ ಬಂದರೆ ಕಾರ್ಯದರ್ಶಿಗಳ ಮೇಲೆ ಜಗಳಕ್ಕೆ ಹೋಗ್ತೀರಿ, ಪಾಪ! ಅಲ್ಲಿ ಮಾತ್ರ ಬಾಯಿ ಕಟ್ಟಿಕೊಳ್ಳಬೇಡಿ. ಮಗಳ ಅಸಲು ಅಂಕಪಟ್ಟಿಗಳನ್ನು ಪರಿಶೀಲನೆಗೆ ತೋರಿಸಿ ವಾಪಸ್ಸು ತನ್ನಿ. ಅಸಲು ದಾಖಲೆಗಳನ್ನು ಇಟ್ಟುಕೊಳ್ಳಕೂಡದು ಅಂತ ವಿಶ್ವವಿದ್ಯಾಲಯ ಅನುದಾನ ಆಯೋಗ 2018ರಲ್ಲೇ ಅಧಿಸೂಚನೆ ಹೊರಡಿಸಿದೆ. ಒಮ್ಮೆ ಅವು ಬೀರುವಿಗೆ ಸೇರಿದರೆ, ಮಗಳು ಬೇರೆ ಕಡೆ ಹೋಗ್ತೀನಿ ಅಂದಾಗ ಪೂರ್ತಿ ಫೀಸು ಕಟ್ಟಿ ಬಿಡಿಸಿಕೊಳ್ಳಿ ಅಂತಾರೆ. ಬಂಗಾರ ಅಡವಿಟ್ಟ ಹಾಗೆ ಆಗುತ್ತೆ.

ಸರ್ಕಾರಿ ಕಾಲೇಜುಗಳೂ ಇವೆ ಅನ್ನುವುದನ್ನು ನಮ್ಮವರು ಮರೆತೇಬಿಡ್ತಾರೆ. ಬೆಂಗಳೂರಿನ ಕೋಟೆಯಲ್ಲಿ, ಹಾಸನದಲ್ಲಿ ಸರ್ಕಾರಿ ನರ್ಸಿಂಗ್ ಕಾಲೇಜುಗಳಿವೆ, ಬೇರೆ ಕಡೆಯೂ ಇವೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಬಿ.ಎಸ್ಸಿ. ನರ್ಸಿಂಗ್ ಇದೆ. ಸೈನ್ಯದ ನರ್ಸಿಂಗ್ ಸೇವೆಗೆ ಹೆಣ್ಣುಮಕ್ಕಳನ್ನು ತೆಗೆದುಕೊಂಡು ನಾಲ್ಕು ವರ್ಷ ಓದಿಸುವ ಕಾಲೇಜುಗಳಲ್ಲಿ ಒಂದು ಬೆಂಗಳೂರಿನ ವಾಯುಪಡೆ ಕಮಾಂಡ್ ಆಸ್ಪತ್ರೆಯಲ್ಲಿದೆ. ಅದಕ್ಕೆ ನೀಟ್ ಪರೀಕ್ಷೆ ಬರೆದಿರಬೇಕು. ಸಿ.ಇ.ಟಿ. ಅರ್ಜಿ ತುಂಬುವಾಗ ಗ್ರಾಮೀಣ ಮೀಸಲಾತಿ, ಕನ್ನಡ ಮಾಧ್ಯಮದ ಮೀಸಲಾತಿ ಅಂತ ಕಾಲಂ ಬರುತ್ತೆ. ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿಯಲ್ಲಿ ಓದಿದ್ದಕ್ಕೆ, ಕನ್ನಡದಲ್ಲಿ ಓದಿದ್ದಕ್ಕೆ ಶಾಲೆಯಿಂದ ವ್ಯಾಸಂಗ ಪ್ರಮಾಣ ಪತ್ರ ಬೇಕು. ಜಾತಿ, ಆದಾಯ ಪ್ರಮಾಣ ಪತ್ರಗಳೂ ಬೇಕು. ಕೊನೇ ದಿನ ನಾಡಕಚೇರಿ ಮುಂದೆ ನಿಲ್ಲುವುದಕ್ಕಿಂತ ಜನವರಿಯಲ್ಲೇ ಮಾಡಿಸಿಡಿ. ಎಸ್.ಎಸ್.ಎಲ್.ಸಿ. ಅಂಕಪಟ್ಟಿಯ ಹೆಸರೂ ಆಧಾರ್ ಹೆಸರೂ ಒಂದೇ ಇದೆಯಾ, ಇನಿಷಿಯಲ್ ಸರಿಯಾಗಿದೆಯಾ ಅಂತ ಈಗಲೇ ನೋಡಿ. ಒಂದು ಅಕ್ಷರಕ್ಕೆ ತಿಂಗಳುಗಟ್ಟಲೆ ಅಲೆದವರನ್ನು ನಾನು ಬಲ್ಲೆ.

ದುಡ್ಡಿನ ಮಾತು. ಪರಿಶಿಷ್ಟ ಮತ್ತು ಹಿಂದುಳಿದ ವರ್ಗದ ಮಕ್ಕಳಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಇದೆ. ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶದಲ್ಲಿ ಅರ್ಜಿ ಹಾಕಬೇಕು. 2021ರಲ್ಲಿ ಶುರುವಾದ ರೈತ ವಿದ್ಯಾನಿಧಿಯಲ್ಲಿ ನರ್ಸಿಂಗ್ ಓದುವ ರೈತರ ಹೆಣ್ಣುಮಕ್ಕಳಿಗೆ ವರ್ಷಕ್ಕೆ 8,000, ಗಂಡುಮಕ್ಕಳಿಗೆ 7,500 ರೂಪಾಯಿ ಅಂತ ನಿಗದಿ ಮಾಡಿದ್ದರು. ಈ ವರ್ಷದ ಆದೇಶ ಏನು ಅಂತ ಕೃಷಿ ಇಲಾಖೆಯಲ್ಲಿ ವಿಚಾರಿಸಿ. ಬ್ಯಾಂಕಿನ ಶಿಕ್ಷಣ ಸಾಲ ನಾಲ್ಕು ಲಕ್ಷದ ತನಕ ಆದರೆ ನಮ್ಮ ಕೈಯಿಂದ ಮೊದಲು ಹಾಕಬೇಕಾದ ಪಾಲು ಇರುವುದಿಲ್ಲ. ಏಳೂವರೆ ಲಕ್ಷದ ತನಕ ಜಮೀನು ಅಡವು ಕೇಳುವಂತಿಲ್ಲ. ಅಪ್ಪ ಅಥವಾ ಅಮ್ಮ ಜೊತೆಗೆ ಸಹಿ ಹಾಕಬೇಕು, ಅಷ್ಟೆ. ಮ್ಯಾನೇಜರು ಪಹಣಿ ತನ್ನಿ ಅಂದರೆ, ಯಾವ ನಿಯಮ ಸ್ವಾಮಿ ಅಂತ ವಿನಯವಾಗಿ ಕೇಳಿ. ಆದರೆ ಒಂದು ಎಚ್ಚರಿಕೆ ಕೊಡ್ತೀನಿ. ಮಾನ್ಯತೆ ಇಲ್ಲದ ಕಾಲೇಜಿಗೆ ಬ್ಯಾಂಕು ಸಾಲ ಕೊಡುವುದಿಲ್ಲ. ಕೊಡಲ್ಲ ಅಂದರೆ ಬ್ಯಾಂಕಿನ ಮೇಲೆ ಸಿಟ್ಟಾಗುವ ಮೊದಲು ಕಾಲೇಜನ್ನು ಅನುಮಾನಿಸಿ.

ಓದು ಇಂಗ್ಲಿಷಿನಲ್ಲಿ. ಕನ್ನಡ ಶಾಲೆಯಿಂದ ಹೋದ ಮಕ್ಕಳು ಮೊದಲ ಆರು ತಿಂಗಳು ಅಳ್ತಾರೆ. ಅಂಗರಚನೆ, ಶರೀರ ಕ್ರಿಯೆ, ಸೂಕ್ಷ್ಮಜೀವಿ, ಎಲ್ಲ ಉದ್ದುದ್ದ ಹೆಸರು. ಫೋನ್ ಮಾಡಿ “ಅಮ್ಮಾ, ವಾಪಸ್ಸು ಬರ್ತೀನಿ” ಅಂತಾರೆ. ಆಗ ‘ಬಾ ಮಗಳೇ’ ಅನ್ನಬೇಡಿ, ಬೈಯಲೂ ಬೇಡಿ, ಒಂದು ಭಾನುವಾರ ಹೋಗಿ ತಿಂಡಿ ಕೊಟ್ಟು ಮಾತಾಡಿಸಿ ಬನ್ನಿ. ಎರಡನೇ ವರ್ಷಕ್ಕೆ ಸರಿಹೋಗುತ್ತೆ. ಕೇರಳದ ಹುಡುಗಿಯರು ಕನ್ನಡದ ಒಂದು ಅಕ್ಷರ ತಿಳಿಯದೆ ಬೆಂಗಳೂರಿಗೆ ಬಂದು, ಓದಿ, ನಮ್ಮ ರೋಗಿಗಳ ಹತ್ತಿರವೇ ‘ಎಲ್ಲಿ ನೋವು ಅಜ್ಜಿ’ ಅನ್ನುವುದನ್ನು ಕಲಿತವರು. ಅವರಿಂದ ಆಗಿದ್ದು ನಮ್ಮ ಮಕ್ಕಳಿಂದ ಯಾಕಾಗಲ್ಲ?

ಮದುವೆಯ ವಿಷಯ ಬಿಟ್ಟರೆ ಮನೆಯ ಹೆಂಗಸರು ನನ್ನ ಮೇಲೆ ಸಿಟ್ಟಾಗ್ತಾರೆ. ಮೂರನೇ ವರ್ಷದಲ್ಲಿ ಒಳ್ಳೇ ಗಂಡು ಬರುತ್ತೆ, ‘ಮಿಕ್ಕ ಓದು ಅಲ್ಲೇ ಮಾಡಿಸ್ತೀವಿ’ ಅಂತಾರೆ. ಹಾಗೆ ಹೋದವರಲ್ಲಿ ಓದು ಮುಗಿಸಿದವರನ್ನು ನಾನು ಬೆರಳಲ್ಲಿ ಎಣಿಸಬಲ್ಲೆ. ಪರೀಕ್ಷೆ ಮುಗಿದು, ಕೌನ್ಸಿಲ್ಲಿನಲ್ಲಿ ನೋಂದಣಿ ಆಗಿ, ಆ ಕಾಗದ ಕೈಗೆ ಬಂದ ಮೇಲೆ ಲಗ್ನಪತ್ರಿಕೆ ಬರೆಸಿ. ಇನ್ನು ನೈಟ್ ಡ್ಯೂಟಿ. ಅದು ಇದ್ದೇ ಇರುತ್ತೆ, ಮುಚ್ಚಿಟ್ಟು ಮದುವೆ ಮಾಡಬೇಡಿ. ನಮ್ಮತ್ತೆಗೆ ಓದು ಬರದು. ನಾನು ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದಾಗ, ಹಗಲು ಹೊತ್ತು ಸೊಸೆ ಮಲಗ್ತಾಳೆ ಅಂತ ಆಡಿಕೊಂಡವರಿಗೆ “ಅವಳು ರಾತ್ರಿ ಎರಡು ಮನೆ ದೀಪ ಹಚ್ಚಿ ಬಂದಿದ್ದಾಳೆ, ನೀವೇನು ಮಾಡಿದ್ರಿ?” ಅಂತ ಕೇಳಿದ್ದರು. ಎಲ್ಲರಿಗೂ ಅಂಥ ಅತ್ತೆ ಸಿಗುವುದಿಲ್ಲ, ಅದಕ್ಕೆ ಮೊದಲೇ ಮಾತಾಡಿಕೊಳ್ಳುವುದು ಒಳ್ಳೆಯದು.

ಕೆಲಸ ಸಿಗುತ್ತಾ ಅಂದರೆ, ಸಿಗುತ್ತೆ. ಸಂಬಳ ಎಲ್ಲ ಕಡೆ ಒಂದೇ ಅಲ್ಲ. ಸಣ್ಣ ಖಾಸಗಿ ಆಸ್ಪತ್ರೆಗಳಲ್ಲಿ ಬಹಳ ಕಡಿಮೆ, ಈ ಸತ್ಯ ಹೇಳಲೇಬೇಕು. ಸರ್ಕಾರದಲ್ಲಿ ಈಗ ಸ್ಟಾಫ್ ನರ್ಸನ್ನು ಶುಶ್ರೂಷಾಧಿಕಾರಿ ಅಂತಾರೆ. ಹಳ್ಳಿಯ ಉಪಕೇಂದ್ರಗಳಲ್ಲಿ 2018ರ ಆಯುಷ್ಮಾನ್ ಯೋಜನೆಯ ನಂತರ ಸಮುದಾಯ ಆರೋಗ್ಯ ಅಧಿಕಾರಿ ಅಂತ ಹೊಸ ಹುದ್ದೆ ಬಂದಿದೆ. ಅಲ್ಲಿ ನರ್ಸಿಂಗ್ ಓದಿದವರೇ ಬಿ.ಪಿ., ಸಕ್ಕರೆ ಕಾಯಿಲೆ ನೋಡಿ ಮಾತ್ರೆ ಕೊಡ್ತಾರೆ. ಹೆಚ್ಚಿನವು ಗುತ್ತಿಗೆ ಕೆಲಸ, ಅದನ್ನೂ ತಿಳಿದಿರಿ. ದೆಹಲಿಯ ಏಮ್ಸ್ ನಡೆಸುವ ನಾರ್ಸೆಟ್ ಪರೀಕ್ಷೆ 2020ರಿಂದ ಇದೆ, ಪಾಸಾದರೆ ದೇಶದ ಯಾವುದೇ ಏಮ್ಸ್‌ಗೆ ಹೋಗಬಹುದು. ಅಲ್ಲಿ ನೂರಕ್ಕೆ ಎಂಬತ್ತು ಹುದ್ದೆ ಹೆಂಗಸರಿಗೆ, ಇಪ್ಪತ್ತು ಗಂಡಸರಿಗೆ. ಗಂಡುಮಕ್ಕಳು ನಗಬೇಡಿ; ತುರ್ತು ಚಿಕಿತ್ಸೆ, ಐ.ಸಿ.ಯು., ಮಾನಸಿಕ ರೋಗಗಳ ವಾರ್ಡುಗಳಲ್ಲಿ ಒಳ್ಳೇ ಗಂಡು ನರ್ಸ್‌ಗಳಿಗೆ ಬೇಡಿಕೆ ಇದೆ. ಹೊರದೇಶದ ಆಸೆ ಇದ್ದರೆ ಮೊದಲು ಇಲ್ಲಿ ಎರಡು ವರ್ಷ ದೊಡ್ಡ ಆಸ್ಪತ್ರೆಯಲ್ಲಿ ಕೆಲಸ ಮಾಡಲಿ. ಇಂಗ್ಲೆಂಡಿಗೆ ಇಂಗ್ಲಿಷ್ ಪರೀಕ್ಷೆ, ಜರ್ಮನಿಗೆ ಜರ್ಮನ್ ಭಾಷೆ, ಆಮೇಲೆ ಅಲ್ಲಿನ ನೋಂದಣಿ. ಈ ಮೂರರಲ್ಲಿ ಯಾವುದೂ ಇಲ್ಲದೆ ವೀಸಾ ಕೊಡಿಸ್ತೀನಿ ಅನ್ನುವವನಿಗೆ ಮನೆಯಲ್ಲಿ ಕಾಫಿ ಕೂಡ ಕೊಡಬೇಡಿ.

ಕೊನೆಗೆ ಸಂಘದ ಆಡಳಿತ ಮಂಡಳಿಗೆ ಒಂದು ಬೇಡಿಕೆ. ಬೆಳ್ಳಿಹಬ್ಬದ ಖರ್ಚು ಕಳೆದು ಉಳಿದ ಹಣದಲ್ಲಿ ಏನು ಮಾಡೋಣ ಅಂತ ನಿನ್ನೆ ಸಭೆಯಲ್ಲಿ ಚರ್ಚೆ ಆಯಿತಂತೆ. ಬೈಲಾದಲ್ಲಿ ಅವಕಾಶ ಇದ್ದರೆ, ಪ್ರತಿ ವರ್ಷ ಇಬ್ಬರು ಸದಸ್ಯರ ಮಕ್ಕಳಿಗೆ ಪಿ.ಯು. ವಿಜ್ಞಾನ ಓದಲು ಬಸ್ ಪಾಸು, ಪುಸ್ತಕ ಮತ್ತು ಸಿ.ಇ.ಟಿ. ಅರ್ಜಿಯ ಶುಲ್ಕ ಕೊಡಿ. ದೊಡ್ಡ ಮೊತ್ತವೇನಲ್ಲ. ಮಗಳು ವಿಜ್ಞಾನ ಬಿಡುವುದು ಎಷ್ಟೋ ಸಲ ಇಷ್ಟೇ ದುಡ್ಡಿಗೆ. ನನ್ನ ಪಿಂಚಣಿಯಿಂದ ಮೊದಲ ವರ್ಷದ ಒಬ್ಬಳ ಖರ್ಚು ನಾನು ಕೊಡ್ತೀನಿ, ಬರೆದುಕೊಳ್ಳಿ.

ಎಸ್.ಎಸ್.ಎಲ್.ಸಿ. ಮಕ್ಕಳಿರುವ ಮನೆಯವರು ಫಲಿತಾಂಶ ಬಂದ ಮಾರನೇ ಭಾನುವಾರ ಬೆಳಿಗ್ಗೆ, ಹಾಲು ಹಾಕಿದ ಮೇಲೆ, ಡೇರಿ ಕಟ್ಟಡಕ್ಕೆ ಬನ್ನಿ. ನಾನು ಅಲ್ಲೇ ಕೂತಿರ್ತೀನಿ. ಬರುವಾಗ ಅಂಕಪಟ್ಟಿಯ ಜೆರಾಕ್ಸ್ ತನ್ನಿ, ಜೊತೆಯಲ್ಲಿ ಮಗಳನ್ನೂ ಕರೆತನ್ನಿ. ಅವಳ ಹತ್ತಿರ ಮಾತಾಡಬೇಕು.